ನಾಲೆ ಏರಿ ಮೇಲೆ 240 ಕಿಲೋಮೀಟರ್

ಮೊದಲ ದಿನವೇ ನನ್ನನ್ನು ಒಬ್ಬರು ಅಜ್ಜಿ ಹಿಂದೆ ಹಾಕಿದರು. ವಯಸ್ಸು ಎಪ್ಪತ್ತರ ಮೇಲಿರಬೇಕು. ಸೈಕಲ್‌ನ ಮುಂದಿನ ಬುಟ್ಟಿಯಲ್ಲಿ ಉದ್ದನೆಯ ಬ್ರೆಡ್ಡು, ಒಂದು ಕಟ್ಟು ಸೊಪ್ಪು. ಬೆಳಿಗ್ಗೆ ಟುಲೂಸ್ ನಗರ ಬಿಡುವಾಗ ಹತ್ತಾರು ಜನರನ್ನು ಸರಸರನೆ ದಾಟಿ ಬಂದಿದ್ದ ನಾನು, ಮೂವತ್ತು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ಮರದ ಬುಡದಲ್ಲಿ ಕೂತಿದ್ದೆ. ಅಜ್ಜಿ "ಬೋಂಜೂರ್" ಎಂದು ನಕ್ಕು ತಮ್ಮ ಪಾಡಿಗೆ ಹೋದರು. ಅವರ ವೇಗ ಗಂಟೆಗೆ ಹನ್ನೆರಡು ಕಿಲೋಮೀಟರ್ ಇದ್ದೀತು. ನನ್ನದು ಆಗ ಸೊನ್ನೆ.

ಜಾಗ, ದಕ್ಷಿಣ ಫ್ರಾನ್ಸಿನ ಕನಾಲ್ ದು ಮಿದಿ. ಟುಲೂಸ್‌ನಿಂದ ಮೆಡಿಟರೇನಿಯನ್ ಕಡಲಿನ ಪಕ್ಕದ ತೋ ಎಂಬ ಉಪ್ಪುನೀರಿನ ಸರೋವರದವರೆಗೆ 240 ಕಿಲೋಮೀಟರ್ ಹರಿಯುವ ಕಾಲುವೆ. ತೋಡಿದ್ದು 1666ರಿಂದ 1681ರ ನಡುವೆ. ಈಗಲೂ ಅದರಲ್ಲಿ ದೋಣಿಗಳು ಓಡಾಡುತ್ತವೆ. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿತು. ಒಂದು ಕಾಲದಲ್ಲಿ ದೋಣಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳು ನಡೆದ ದಂಡೆಯ ದಾರಿಯಲ್ಲಿ ಈಗ ನಮ್ಮಂಥವರು ಸೈಕಲ್ ಹೊಡೆಯುತ್ತಾರೆ.

ಯಾವ ಬ್ರಾಂಚು?

ನಾನು ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿ. ಮದುವೆ ಮನೆಯಲ್ಲಿ ಯಾರಾದರೂ "ಯಾವ ಬ್ರಾಂಚಪ್ಪ?" ಎಂದು ಕೇಳುತ್ತಾರೆ. "ಸಿವಿಲ್" ಎಂದರೆ ಒಂದು ಕ್ಷಣ ಸುಮ್ಮನಾಗಿ, "ಓ... ಕಂಪ್ಯೂಟರ್ ಸೈನ್ಸ್ ಸಿಗ್ಲಿಲ್ವಾ?" ಎನ್ನುತ್ತಾರೆ. ಓದುತ್ತಿರುವ ಎಷ್ಟೋ ಜನರಿಗೆ ಇದು ಗೊತ್ತಿರುವ ಸಂಗತಿಯೇ. ನಮ್ಮಪ್ಪನೂ ಮೂರನೇ ವರ್ಷ ಮುಗಿಯುವ ಹೊತ್ತಿಗೆ "ಸಿವಿಲ್ ಮಾಡ್ದೋರ್ಗೆ ಈಗ ಕೆಲ್ಸ ಎಲ್ಲೈತೆ ಮಗ, ಆ ಕೋಡಿಂಗೇನೋ ಕಲ್ತ್ಕೊ" ಎಂದು ಶುರು ಮಾಡಿದ್ದರು. ಎಲ್ಲ ಬ್ರಾಂಚಿನವರನ್ನೂ ತೆಗೆದುಕೊಳ್ಳುವ ಒಂದು ಸಾಫ್ಟ್‌ವೇರ್ ಕಂಪನಿಯ ಆನ್‌ಲೈನ್ ಟೆಸ್ಟ್‌ಗೆ ಹೆಸರನ್ನೂ ಕೊಟ್ಟಿದ್ದೆ.

ಅಷ್ಟರಲ್ಲಿ ಟುಲೂಸ್‌ನ ಒಂದು ಪ್ರಯೋಗಾಲಯದಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ಅಲ್ಲೇ ಕೆಲಸದಲ್ಲಿರುವ ದೊಡ್ಡಮ್ಮನ ಮಗಳ ಮನೆಯಲ್ಲಿ ಉಳಿದೆ. ಇಂಟರ್ನ್‌ಶಿಪ್ ಮುಗಿದು ಊರಿಗೆ ಹೊರಡಲು ಒಂದು ವಾರ ಬಾಕಿ ಇದ್ದಾಗ ಅಕ್ಕ ಕೇಳಿದಳು: "ಸಿವಿಲ್ ಓದ್ತೀಯ, ಆ ಕಾಲುವೆ ನೋಡ್ದೆ ಹೋಗ್ತೀಯೇನೋ?" ತನ್ನ ಸೈಕಲ್ಲು, ಒಂದು ಪುಟ್ಟ ಟೆಂಟು ಎರಡನ್ನೂ ಕೊಟ್ಟಳು. ಮೂರು ದಿನದಲ್ಲಿ ಮುಗಿಸಿ ಬಂದು ಉಳಿದ ದಿನ ಟೆಸ್ಟ್‌ಗೆ ಓದಬೇಕೆಂದು ಲೆಕ್ಕ ಹಾಕಿದೆ. ದಿನಕ್ಕೆ ಎಂಬತ್ತು ಕಿಲೋಮೀಟರ್. ಆ ಲೆಕ್ಕವನ್ನು ಅಜ್ಜಿ ಮೊದಲ ಮಧ್ಯಾಹ್ನವೇ ಅಳಿಸಿಹಾಕಿದರು. ಕೊನೆಗೆ ಆರು ದಿನ ಹಿಡಿಯಿತು.

ನೀರು ಎಲ್ಲಿಂದ ತರುವುದು?

ಟುಲೂಸ್‌ನಿಂದ ಸುಮಾರು ಐವತ್ತು ಕಿಲೋಮೀಟರ್ ದಾರಿಗೆ ಡಾಂಬರಿದೆ. ಒಂದು ಕಡೆ ಹಸಿರು ನೀರು, ತಲೆಯ ಮೇಲೆ ಪ್ಲಾಟಾನ್ ಮರಗಳ ಚಪ್ಪರ. ಕಾಶ್ಮೀರದ ಚಿನಾರ್‌ಗೆ ಇವು ಹತ್ತಿರದ ನೆಂಟರು. ಏರು ಬಂದದ್ದೇ ಗೊತ್ತಾಗುವುದಿಲ್ಲ. ನೀರು ಸಮತಟ್ಟಾಗಿ ನಿಲ್ಲಬೇಕಲ್ಲ, ಹಾಗಾಗಿ ಅದರ ಪಕ್ಕದ ದಾರಿಯೂ ಸಮತಟ್ಟು. ಲಾಕ್ ಬಂದಾಗ ಮಾತ್ರ ಎರಡು ಮೂರು ಪೆಡಲ್ ಜೋರಾಗಿ ತುಳಿಯಬೇಕು.

ಲಾಕ್ ಅಂದರೆ ನೀರಿನ ಮೆಟ್ಟಿಲು. ಎರಡು ಬಾಗಿಲುಗಳ ನಡುವೆ ಒಂದು ತೊಟ್ಟಿ. ದೋಣಿ ಕೆಳಗಿನಿಂದ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಏರುತ್ತದೆ. ಮಟ್ಟ ಸಮನಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಪಂಪು ಬೇಡ, ಕ್ರೇನು ಬೇಡ. ಆದರೆ ಪ್ರತಿ ಸಲವೂ ಒಂದು ತೊಟ್ಟಿ ನೀರು ಕೆಳಕ್ಕೆ ಹೋಗುತ್ತದೆ. ಕಾಲುವೆಯ ಅತಿ ಎತ್ತರದ ಜಾಗದಿಂದ ಎರಡೂ ದಿಕ್ಕಿಗೆ ಹೀಗೆ ನೀರು ಇಳಿಯುತ್ತಲೇ ಇರುವುದರಿಂದ, ಅಲ್ಲಿಗೆ ಸದಾ ಹೊಸ ನೀರು ಬರುತ್ತಿರಬೇಕು. ಗುಡ್ಡದ ನೆತ್ತಿಗೆ ನೀರು ತರುವುದು ಹೇಗೆ? ಅಟ್ಲಾಂಟಿಕ್ ಕಡೆಯನ್ನೂ ಮೆಡಿಟರೇನಿಯನ್ ಕಡೆಯನ್ನೂ ಜೋಡಿಸಿದರೆ ಹಡಗುಗಳು ಇಡೀ ಸ್ಪೇನ್ ಸುತ್ತಿ ಬರುವುದು ತಪ್ಪುತ್ತದೆಂದು ರಾಜರು ಬಹಳ ಕಾಲದಿಂದ ಆಸೆಪಟ್ಟಿದ್ದರು. ಈ ಪ್ರಶ್ನೆಯ ಮುಂದೆ ಆ ಯೋಜನೆಗಳು ನಿಂತುಬಿಡುತ್ತಿದ್ದವು.

ಉತ್ತರ ಹುಡುಕಿದವನು ಇಂಜಿನಿಯರ್ ಅಲ್ಲ. ಪಿಯೆರ್ ಪೋಲ್ ರಿಕೆ, ಬೇಜಿಯೆ ಊರಿನವನು, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. 1662ರಲ್ಲಿ 14ನೇ ಲೂಯಿಯ ಮಂತ್ರಿ ಕೋಲ್ಬೇರ್‌ಗೆ ತನ್ನ ಯೋಜನೆಯ ಪತ್ರ ಬರೆದಾಗ ಅವನಿಗೆ ಐವತ್ತು ದಾಟಿತ್ತು. ಉತ್ತರಕ್ಕಿರುವ ಕಪ್ಪು ಬೆಟ್ಟಗಳ ಸಾಲಿನ ಹೊಳೆಗಳನ್ನು ಒಟ್ಟುಮಾಡಿ, ಗುಡ್ಡದ ಮಗ್ಗುಲಲ್ಲೇ ಸಣ್ಣ ಕಾಲುವೆ ಹರಿಸಿ ನೊರೂಜ್ ಎಂಬ ಎತ್ತರದ ಜಾಗಕ್ಕೆ ತರುವುದು ಅವನ ಉಪಾಯ. ಹೊಳೆಗಳ ಗುಟ್ಟು ಅವನಿಗೆ ತಿಳಿದದ್ದು ರೆವೆಲ್ ಊರಿನಲ್ಲಿ ನೀರಿನ ಕೆಲಸ ಮಾಡುತ್ತಿದ್ದ ಪಿಯೆರ್ ಕಂಪ್ಮಾಸ್‌ನಿಂದ. ಯಾರೂ ನಂಬದಿದ್ದಾಗ 1665ರಲ್ಲಿ ಪ್ರಯೋಗಕ್ಕೆಂದು ಒಂದು ಕಿರುಗಾಲುವೆ ತೋಡಿಸಿ, ನೀರು ನಿಜಕ್ಕೂ ಅಲ್ಲಿಗೆ ಬರುತ್ತದೆಂದು ತೋರಿಸಿದ. ಮರುವರ್ಷ ರಾಜಾಜ್ಞೆ ಹೊರಟಿತು. ಮಳೆಗಾಲದ ನೀರು ಕೂಡಿಡಲು 1667ರಿಂದ 1672ರ ನಡುವೆ ಸೇಂಟ್ ಫೆರಿಯೋಲ್ ಅಣೆಕಟ್ಟು ಎದ್ದಿತು.

ಆ ಸಂಜೆ ನಾನು ನೊರೂಜ್ ತಲುಪಿದೆ. ಸಮುದ್ರಮಟ್ಟದಿಂದ 189 ಮೀಟರ್. ಬೆಟ್ಟದಿಂದ ಬಂದ ನೀರು ಇಲ್ಲಿ ಕಾಲುವೆಗೆ ಸೇರಿ ಅರ್ಧ ಪಶ್ಚಿಮಕ್ಕೆ, ಅರ್ಧ ಪೂರ್ವಕ್ಕೆ ಹೋಗುತ್ತದೆ. ದೊಡ್ಡ ದೃಶ್ಯವೇನೂ ಅಲ್ಲ, ಮರಗಳ ನಡುವೆ ಸದ್ದಿಲ್ಲದೆ ಹರಿಯುವ ನೀರು ಅಷ್ಟೇ. ಆದರೂ ಬಹಳ ಹೊತ್ತು ಅಲ್ಲೇ ಕೂತೆ. ಯಾಕೆಂದರೆ ನನಗೆ ಇಂಥ ಜಾಗ ಹೊಸದಲ್ಲ.

ನಮ್ಮೂರು ಮಂಡ್ಯ ಜಿಲ್ಲೆಯದು. ನಮ್ಮ ತಾತ ವಿಶ್ವೇಶ್ವರಯ್ಯ ನಾಲೆಯ ಒಂದು ತೂಬಿನಲ್ಲಿ ನೀರಗಂಟಿಯಾಗಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ಎತ್ತಿ ಇಳಿಸುವ ಕೆಲಸ. ಚಿಕ್ಕವನಾಗಿದ್ದಾಗ ನಾನು ತೂಬಿನ ತಿರುಗಣೆಗೆ ಜೋತುಬಿದ್ದು ಜೋರಾಗಿ ತಿರುಗಿಸಲು ಹೋದರೆ, "ನೀರ್ಗೆ ಅವಸರ ಮಾಡ್ಬಾರ್ದು ಕಣ್ಲಾ, ಏರಿ ಕಿತ್ತೋಯ್ತದೆ" ಎಂದು ಕೈ ಹಿಡಿಯುತ್ತಿದ್ದರು. ಇಂಜಿನಿಯರಿಂಗ್ ಸೇರಿದ ಮೇಲೆ ಮೂರು ವರ್ಷದಲ್ಲಿ ಆ ಮಾತು ನೆನಪಾಗಿರಲಿಲ್ಲ. ನೊರೂಜ್‌ನಲ್ಲಿ ನೆನಪಾಯಿತು.

ಕುಸಿದ ಗೋಡೆ, ಮುಚ್ಚಿದ ಅಂಗಡಿ

ಎರಡನೇ ದಿನ ಕಾಸ್ಟೆಲ್‌ನೋದಾರಿ ಊರು. ಕಾಲುವೆ ಅಲ್ಲಿ ಅಗಲವಾಗಿ ಕೆರೆಯಂತಾಗುತ್ತದೆ. ಕಸ್ಸುಲೆ ಎಂಬ ಅಡುಗೆಗೆ ಊರು ಪ್ರಸಿದ್ಧ, ಬಿಳಿ ಬೀನ್ಸ್ ಕಾಳನ್ನು ಬಾತುಕೋಳಿ ಮತ್ತು ಹಂದಿ ಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸಿದ್ದು. ನಾನು ತಲುಪಿದಾಗ ಎರಡೂಕಾಲು. ಹೋಟೆಲ್‌ಗಳ ಅಡುಗೆಮನೆ ಮುಚ್ಚಿತ್ತು. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡು ಊಟದ ಹೊತ್ತು. ಆಮೇಲೆ ಹೋಗಿ ಬಾಗಿಲು ತಟ್ಟಿದರೆ ಯಾರೂ ಕರಗುವುದಿಲ್ಲ. ಬ್ಯಾಗಿನಲ್ಲಿದ್ದ ಬಿಸ್ಕತ್ತು ತಿಂದೆ. ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ಡಬ್ಬಿ ಕಸ್ಸುಲೆ ಕೊಂಡು ಬ್ರಾಮ್ ಎಂಬ ಊರಿನ ಹತ್ತಿರ ಟೆಂಟಿನ ಮುಂದೆ ಬಿಸಿ ಮಾಡಿಕೊಂಡೆ. ಕಾಳು ಬಾಯಿಗಿಟ್ಟಾಗ ನೆನಪಾದದ್ದು ಮನೆಯ ಅವರೆಕಾಳು ಸಾರು. ಮುದ್ದೆ ಇರಲಿಲ್ಲ, ಅಷ್ಟೇ.

ದಾರಿಯುದ್ದಕ್ಕೂ ಲಾಕ್‌ಗಳ ತೊಟ್ಟಿಗಳು ಮೊಟ್ಟೆಯಾಕಾರದಲ್ಲಿರುವುದನ್ನು ಗಮನಿಸಿದೆ. ಬೇರೆ ಕಡೆ ಅವು ನೇರ ಗೋಡೆಯ ಆಯತಗಳು. ಇಲ್ಲೂ ಮೊದಲು ಹಾಗೇ ಕಟ್ಟಿದ್ದರು, ಆದರೆ ಪಕ್ಕದ ಮಣ್ಣಿನ ಒತ್ತಡಕ್ಕೆ ಒಂದು ಲಾಕ್‌ನ ಗೋಡೆ ಕುಸಿಯಿತು. ರಿಕೆ ನಕ್ಷೆ ಬದಲಿಸಿ ಗೋಡೆಗಳನ್ನು ಹೊರಬಾಗಿಸಿ ಕಟ್ಟಿಸಿದ. ಕಮಾನನ್ನು ನೆಲದ ಮೇಲೆ ಮಲಗಿಸಿದ ಹಾಗೆ, ಮಣ್ಣು ಒತ್ತಿದಷ್ಟೂ ಕಲ್ಲುಗಳು ಒಂದಕ್ಕೊಂದು ಬಿಗಿಯಾಗುತ್ತವೆ. ಮಣ್ಣಿನ ಒತ್ತಡದ ಮೇಲೆ ನಾನು ಪರೀಕ್ಷೆಯಲ್ಲಿ ಹತ್ತು ಅಂಕದ ಲೆಕ್ಕ ಮಾಡಿದ್ದೆ. ಅದು ಒಂದು ಗೋಡೆಯ ಆಕಾರವನ್ನೇ ಬದಲಿಸಿದ್ದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು.

ಕೆಲಸದಲ್ಲಿ ಒಂದು ಹಂತದಲ್ಲಿ ಹನ್ನೆರಡು ಸಾವಿರ ಜನರಿದ್ದರು, ಅವರಲ್ಲಿ ಹೆಂಗಸರೂ ಇದ್ದರು. ರಿಕೆ ಅವರಿಗೆ ತಿಂಗಳ ಸಂಬಳ ಕೊಟ್ಟ. ಮಳೆ ಬಂದ ದಿನಕ್ಕೂ, ಹಬ್ಬದ ದಿನಕ್ಕೂ, ಕಾಯಿಲೆ ಬಿದ್ದಾಗಲೂ ಕೂಲಿ ಕಡಿಯಲಿಲ್ಲ. ಸಮಾಜಶಾಸ್ತ್ರಜ್ಞೆ ಚಂದ್ರ ಮುಖರ್ಜಿ 2009ರಲ್ಲಿ ಬಂದ 'ಇಂಪಾಸಿಬಲ್ ಇಂಜಿನಿಯರಿಂಗ್' ಪುಸ್ತಕದಲ್ಲಿ, ಪಿರೆನೀಸ್ ಬೆಟ್ಟದೂರುಗಳ ಹೆಂಗಸರಿಗೆ ತಲೆಮಾರುಗಳಿಂದ ಬಂದಿದ್ದ ನೀರು ಹರಿಸುವ ತಿಳಿವಳಿಕೆ ಈ ಕಾಲುವೆಗೆ ಹೇಗೆ ಒದಗಿತೆಂದು ವಿವರಿಸಿದ್ದಾರೆ. ಡಿಗ್ರಿ ಇಲ್ಲದವರ ಇಂಜಿನಿಯರಿಂಗ್ ಅದು.

ಕಸ ತೆಗೆಯುವ ಹುಡುಗಿ

ಮೂರನೇ ದಿನ ಕಾರ್ಕಸಾನ್. ಗುಡ್ಡದ ಮೇಲಿನ ಹಳೇ ಕೋಟೆ ದೂರದಿಂದಲೇ ಕಾಣುತ್ತದೆ. ಕಾಲುವೆ ತೋಡುವಾಗ ಈ ಊರಿನವರು ತಮ್ಮ ಪಾಲಿನ ಹಣ ಕೊಡಲು ಒಪ್ಪಲಿಲ್ಲವಂತೆ. ಕಾಲುವೆ ಊರನ್ನು ಬಿಟ್ಟು ಪಕ್ಕದಲ್ಲಿ ಹೋಯಿತು. ಆಮೇಲೆ ಪಶ್ಚಾತ್ತಾಪಪಟ್ಟು, ಖರ್ಚು ಮಾಡಿ ದಾರಿ ತಿರುಗಿಸಿಕೊಂಡು ಊರೊಳಗೆ ಕಾಲುವೆ ಬಂದದ್ದು 1810ರಲ್ಲಿ.

ಇಲ್ಲಿಗೆ ಬರುವಷ್ಟರಲ್ಲಿ ಡಾಂಬರು ಮುಗಿದು ಮಣ್ಣು ದಾರಿ ಶುರುವಾಗಿತ್ತು. ಮರದ ಬೇರುಗಳು ಉಬ್ಬಿ ಸೈಕಲ್ ಕುಣಿಯುತ್ತದೆ. ಟ್ರೆಬ್ ಊರಿನ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ಮುಳ್ಳು ಕಿತ್ತು ನೋಡಿದರೆ ನಮ್ಮ ಹೊಲದ ನೆಗ್ಗಿಲು ಮುಳ್ಳಿನಂಥದ್ದೇ! ಎದುರಿಗಿದ್ದ ಲಾಕ್‌ನ ನೆರಳಿಗೆ ಸೈಕಲ್ ತಳ್ಳಿಕೊಂಡು ಹೋದೆ. ಅಲ್ಲಿ ಕೆಲಸಕ್ಕಿದ್ದವಳು ನನ್ನದೇ ವಯಸ್ಸಿನ ಹುಡುಗಿ. ಕಾಲುವೆ ಇಲಾಖೆ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ತಾತ್ಕಾಲಿಕ ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಬಾಗಿಲುಗಳಿಗೆ ಈಗ ಮೋಟಾರಿದೆ, ಗುಂಡಿ ಒತ್ತಿದರೆ ಸಾಕು. ಆದರೆ ದೋಣಿಗಳಿಲ್ಲದ ಹೊತ್ತಿನಲ್ಲಿ ಅವಳು ಉದ್ದನೆಯ ಕೋಲಿನಿಂದ ಬಾಗಿಲಿಗೆ ಸಿಕ್ಕಿಕೊಂಡ ಕೊಂಬೆ, ಪ್ಲಾಸ್ಟಿಕ್ ಬಾಟಲಿ ಎಳೆದು ಹಾಕುತ್ತಿದ್ದಳು. ನೀರಿನ ಮಟ್ಟ ನೋಡಿ ಬರೆದುಕೊಳ್ಳುತ್ತಿದ್ದಳು.

ಟ್ಯೂಬಿಗೆ ಪ್ಯಾಚ್ ಹಾಕುತ್ತಾ ಮಾತಾಡಿದೆವು. ಅವಳ ಇಂಗ್ಲಿಷೂ ನನ್ನ ಫ್ರೆಂಚೂ ಸೇರಿ ಒಂದು ಭಾಷೆಯಾಯಿತು. ನಾನು ಸಿವಿಲ್ ಎಂದಾಗ ಅವಳು ಅಯ್ಯೋ ಎನ್ನಲಿಲ್ಲ. "ಹಾಗಾದರೆ ನಿನಗಿದು ಚೆನ್ನಾಗಿ ಅರ್ಥವಾಗುತ್ತೆ" ಎಂದಳು. ಚಳಿಗಾಲದಲ್ಲಿ ದೋಣಿ ಓಡಾಟ ನಿಲ್ಲಿಸಿ, ಕೆಲವು ಕಡೆ ನೀರು ಖಾಲಿ ಮಾಡಿ ಗೋಡೆ, ಬಾಗಿಲು ದುರಸ್ತಿ ಮಾಡುತ್ತಾರಂತೆ. ಹೊರಡುವಾಗ ಅವಳು ಹೇಳಿದ ಮಾತು ನನ್ನ ಜೊತೆ ಬಂತು: "ಕಟ್ಟಿಸಿದವನ ಪ್ರತಿಮೆ ಊರೂರಲ್ಲೂ ಇದೆ. ಇಷ್ಟು ವರ್ಷ ಕಸ ತೆಗೆದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಒಂದೈದು ವರ್ಷ ಸುಮ್ಮನಿದ್ದಿದ್ದರೆ ಕಾಲುವೆ ಇರುತ್ತಿರಲಿಲ್ಲ." ಅವಳಿಗೆ ನಮ್ಮ ತಾತ ಗೊತ್ತಿಲ್ಲ.

ಮರಗಳಿಲ್ಲದ ದಾರಿ

ನಾಲ್ಕನೇ ದಿನ ಬಿಸಿಲು ಚುರುಗುಟ್ಟಿತು. ನೆರಳೇ ಇಲ್ಲದ ಉದ್ದುದ್ದ ದಾರಿ. ಎರಡೂ ಕಡೆ ದಪ್ಪ ಬುಡಗಳು, ಅವುಗಳ ನಡುವೆ ಗೂಟಕ್ಕೆ ಕಟ್ಟಿದ ಎಳೆಯ ಗಿಡಗಳು. ಈ ಕಾಲುವೆಯ ದಂಡೆಯಲ್ಲಿ ಸುಮಾರು 42,000 ಪ್ಲಾಟಾನ್ ಮರಗಳಿದ್ದವು, ಹೆಚ್ಚಿನವು 19ನೇ ಶತಮಾನದಲ್ಲಿ ನೆಟ್ಟವು. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತಂದ ಮರದ ಪೆಟ್ಟಿಗೆಗಳ ಜೊತೆ ಅದು ಫ್ರಾನ್ಸಿಗೆ ಬಂದಿತೆನ್ನುತ್ತಾರೆ. ಮದ್ದಿಲ್ಲ. ರೋಗ ಬಂದ ಮರವನ್ನೂ ಅದರ ಅಕ್ಕಪಕ್ಕದವನ್ನೂ ಕಡಿದು ಸುಡುವುದೊಂದೇ ದಾರಿ. ಹೀಗೆ ಸಾವಿರ ಸಾವಿರ ಮರಗಳು ಹೋದವು. ಅವುಗಳ ಜಾಗದಲ್ಲಿ ಈ ಸಲ ಒಂದೇ ಜಾತಿ ನೆಡುತ್ತಿಲ್ಲ. ಓಕ್ ಜಾತಿಯ ಮರಗಳ ಜೊತೆ ಬೇರೆ ಬೇರೆ ಗಿಡಗಳನ್ನು ಸೇರಿಸಿದ್ದಾರೆ, ಒಂದಕ್ಕೆ ರೋಗ ಬಂದರೆ ಎಲ್ಲವೂ ಹೋಗಬಾರದೆಂದು. ಆ ಗಿಡಗಳು ಚಪ್ಪರವಾಗಲು ದಶಕಗಳು ಬೇಕು. ನೆಟ್ಟವರಲ್ಲಿ ಎಷ್ಟು ಜನ ಆ ನೆರಳಲ್ಲಿ ಸೈಕಲ್ ಹೊಡೆಯುತ್ತಾರೋ.

ಇಲ್ಲಿಂದ ಬೇಜಿಯೆವರೆಗೆ 54 ಕಿಲೋಮೀಟರ್ ಒಂದೇ ಒಂದು ಲಾಕ್ ಇಲ್ಲ. ಬಾಡಿಗೆ ದೋಣಿಯಲ್ಲಿ ಹೊರಟಿದ್ದ ವಯಸ್ಸಾದ ದಂಪತಿಯನ್ನು ನಾನು ಬೆಳಿಗ್ಗೆ ಹಿಂದೆ ಹಾಕಿದೆ. ದೋಣಿಗಿರುವ ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ನಾನು ನೀರು ಕುಡಿಯಲು ಕೂತಾಗ ಅವರು ದಾಟಿದರು. ನಾನು ಮತ್ತೆ ದಾಟಿದೆ. ಸಂಜೆ ಲ ಸೊಮಾಯ್ ಎಂಬ ಪುಟ್ಟ ಊರಿನ ಕಲ್ಲುಸೇತುವೆ ಹತ್ತಿರ ನೋಡಿದರೆ ಅವರು ಆಗಲೇ ಕುರ್ಚಿ ಹಾಕಿಕೊಂಡು ಕೂತಿದ್ದರು! ಆಮೆ ಮೊಲದ ಕಥೆಯಲ್ಲಿ ನಾನು ಯಾರೆಂದು ಹೇಳಬೇಕಿಲ್ಲ. ಹಿಂದೆ ಟುಲೂಸ್‌ನಿಂದ ಕಡಲ ಕಡೆಗೆ ಹೋಗುವ ಪ್ರಯಾಣಿಕರ ದೋಣಿಗೆ ನಾಲ್ಕು ದಿನ ಬೇಕಿತ್ತು, ರಾತ್ರಿ ತಂಗುತ್ತಿದ್ದ ಊರುಗಳಲ್ಲಿ ಇದೂ ಒಂದು.

ಐದನೇ ದಿನ ಮಾಲ್ಪಾಸ್ ಸುರಂಗ. ಗುಡ್ಡ ಕೊರೆದು ಕಾಲುವೆ ಹಾಯಿಸಿದ, ಯುರೋಪಿನ ಮೊದಲ ಕಾಲುವೆ ಸುರಂಗ. ಸಡಿಲವಾದ ಮರಳುಗಲ್ಲು, ಕುಸಿಯುತ್ತದೆಂದು ವಿರೋಧಿಗಳು ಕೆಲಸ ನಿಲ್ಲಿಸಲು ಹೊರಟಾಗ ರಿಕೆ ಗುಟ್ಟಾಗಿ ಕೆಲವೇ ದಿನಗಳಲ್ಲಿ ಕೊರೆಸಿದನೆಂದು ಹೇಳುತ್ತಾರೆ. ಅದೇ ಗುಡ್ಡದೊಳಗೆ, ಇನ್ನೂ ಕೆಳಗೆ ರೈಲು ಸುರಂಗ, 13ನೇ ಶತಮಾನದಲ್ಲಿ ಜೌಗು ಬಸಿಯಲು ತೋಡಿದ ಸುರಂಗ ಎರಡೂ ಇವೆ. ನಮ್ಮ ನಾಲೆಯೂ ಹುಲಿಕೆರೆ ಹತ್ತಿರ ಸುರಂಗದಲ್ಲೇ ಹೋಗುತ್ತದೆ. ರಿಕೆಯ ಕಾಲುವೆಯಲ್ಲಿ ದೋಣಿ ಓಡಲು ಶುರುವಾದ ಆ ಕಾಲದಲ್ಲೇ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದವರು ಚಿಕ್ಕದೇವರಾಜ ಒಡೆಯರು. ಅವರ ಹೆಸರಿನ ನಾಲೆಯಲ್ಲಿ ಇವತ್ತಿಗೂ ಕಾವೇರಿ ಹರಿಯುತ್ತಾಳೆ. ನಾನು ಎಷ್ಟು ಸಲ ಅದನ್ನು ಬಸ್ಸಿನಲ್ಲಿ ದಾಟಿದ್ದೇನೋ, ಒಮ್ಮೆಯೂ ತಲೆ ಎತ್ತಿ ನೋಡಿಲ್ಲ.

ಬೇಜಿಯೆ ಊರಿನ ಮುಂದೆ ಫೊನ್‌ಸೆರಾನ್. ಮೆಟ್ಟಿಲುಗಳಂತೆ ಸಾಲಾಗಿ ಎಂಟು ತೊಟ್ಟಿಗಳು. ದೋಣಿಗಳು ಒಂದೊಂದೇ ತೊಟ್ಟಿ ಇಳಿಯುವುದನ್ನು ನೋಡುತ್ತಾ ನೂರಾರು ಜನ ಕೂತಿದ್ದರು. ಪಕ್ಕದಲ್ಲೇ 1980ರ ದಶಕದಲ್ಲಿ ಕಟ್ಟಿದ ಒಂದು ಯಂತ್ರವಿದೆ. ದೋಣಿಯನ್ನು ನೀರಿನ ಸಮೇತ ಇಳಿಜಾರಿನಲ್ಲಿ ತಳ್ಳಿ ಸಮಯ ಉಳಿಸಬೇಕಿತ್ತು. ಮತ್ತೆ ಮತ್ತೆ ಕೆಟ್ಟು ಈಗ ಸುಮ್ಮನೆ ನಿಂತಿದೆ. 17ನೇ ಶತಮಾನದ ಮೆಟ್ಟಿಲು ಕೆಲಸ ಮಾಡುತ್ತಲೇ ಇದೆ.

ಕೊನೆ

ಆರನೇ ದಿನ ಮಧ್ಯಾಹ್ನ ದಾರಿ ಮುಗಿಯಿತು. ಒಂದು ಪುಟ್ಟ ದೀಪಸ್ತಂಭ, ಅದರಾಚೆ ತೋ ಸರೋವರದ ನೀಲಿ ನೀರು. ರಿಕೆ ಇದನ್ನು ನೋಡಲಿಲ್ಲ. ಅವನು ತೀರಿಕೊಂಡದ್ದು 1680ರ ಅಕ್ಟೋಬರ್‌ನಲ್ಲಿ, ಕಾಲುವೆ ತೆರೆದದ್ದು 1681ರ ಮೇ ತಿಂಗಳಲ್ಲಿ. ಬಿಟ್ಟುಹೋದದ್ದು ಸಾಲ. ಅವನ ಮನೆಯವರಿಗೆ ಕಾಲುವೆಯಿಂದ ಲಾಭ ಬರತೊಡಗಿದ್ದು 1724ರಲ್ಲಿ. ಪ್ಯಾಕೇಜ್ ಲೆಕ್ಕದಲ್ಲಿ ನೋಡಿದರೆ ಅವನದು ಸೋತ ಬದುಕು.

ಹೋಗಬಯಸುವವರಿಗೆ ಎರಡು ಮಾತು. ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು, ಜುಲೈ ಆಗಸ್ಟ್‌ನಲ್ಲಿ ಬಿಸಿಲು ಜಾಸ್ತಿ. ದಪ್ಪ ಟೈರಿನ ಸೈಕಲ್, ಎರಡು ಟ್ಯೂಬು ಇರಲಿ. ಟುಲೂಸ್‌ನಿಂದ ಕಡಲ ಕಡೆಗೆ ಹೊರಟರೆ ಪಶ್ಚಿಮದ ಗಾಳಿ ಬಹಳ ಸಲ ಬೆನ್ನಿಗಿರುತ್ತದೆ. ಕ್ಯಾಂಪಿಂಗ್ ಜಾಗಗಳಲ್ಲಿ ಟೆಂಟ್ ಹಾಕಿದರೆ ಖರ್ಚು ಕಡಿಮೆ. ವಾಪಸ್ ಬರಲು ಆಗ್ಡ್ ಊರಿನಿಂದ ರೈಲಿದೆ, ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ ಹಾಕಿಕೊಳ್ಳಬಹುದು. ಮುಖ್ಯವಾಗಿ, ಮೂರು ದಿನದಲ್ಲಿ ಮುಗಿಸುವ ಲೆಕ್ಕ ಹಾಕಬೇಡಿ.

ಆರು ದಿನದ ದಾರಿಯನ್ನು ರೈಲು ಕೆಲವೇ ಗಂಟೆಗಳಲ್ಲಿ ಹಿಂದಕ್ಕೆ ಸುತ್ತಿತು. ಊರಿಗೆ ಬಂದು ಆ ಕೋಡಿಂಗ್ ಟೆಸ್ಟ್ ಬರೆದೆ, ಸುಳ್ಳು ಹೇಳುವುದಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ. ಮನೆಯಲ್ಲಿ ಸಾಲ ಇದೆ, ಕೆಲಸ ಬೇಕು. ಆದರೆ ಏಳನೇ ಸೆಮಿಸ್ಟರ್‌ಗೆ ಐಚ್ಛಿಕ ವಿಷಯ ಆರಿಸುವಾಗ ಗೆಳೆಯರೆಲ್ಲ ಅಂಕ ಸುಲಭವಾಗಿ ಬರುವುದನ್ನು ತೆಗೆದುಕೊಂಡರು, ನಾನು ನೀರಾವರಿಗೆ ಸಂಬಂಧಿಸಿದ್ದನ್ನು ತೆಗೆದುಕೊಂಡೆ. ಅಪ್ಪನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ ತಾತಂಗೆ ಗೊತ್ತಾಗಿದ್ರೆ ಕುಶಿ ಪಡೋರು" ಎಂದರಷ್ಟೇ.

ಕಳೆದ ಭಾನುವಾರ ಹಳೇ ಸೈಕಲ್ಲಿಗೆ ಗಾಳಿ ಹೊಡೆದು ನಾಲೆ ಏರಿ ಮೇಲೆ ಹೊರಟೆ. ತಾತ ಕೆಲಸ ಮಾಡುತ್ತಿದ್ದ ತೂಬಿನ ಹತ್ತಿರ ಇಳಿದೆ. ಹೊಸ ನೀರಗಂಟಿಯೊಬ್ಬರು ಕೋಲು ಹಿಡಿದು ಕಸ ಎಳೆದು ಹಾಕುತ್ತಿದ್ದರು. "ಯಾರ ಮಗನಪ್ಪ?" ಎಂದರು. ಹೇಳಿದೆ. "ಏನ್ ಓದ್ತಿದ್ದೀಯ?"

"ಸಿವಿಲ್" ಎಂದೆ.

"ಒಳ್ಳೇದಾಯ್ತು ಬಾ. ಈ ತೂಬಿನ ಪಕ್ಕದ ಗೋಡೆ ಬಿರುಕು ಬಿಟ್ಟೈತೆ, ಒಸಿ ನೋಡು."